ಲಾಳ ಸವೆಯುವ ದಿಕ್ಕಿಗೆ ಒಂದು ಟಿಕೆಟ್ಟು

ನಾನು ಆಸ್ಟ್ರೇಲಿಯಾಕ್ಕೆ ಹೋಗಿಬಂದೆ ಎಂದರೆ ಹರಿಹರದ ಅರ್ಧ ಜನ ನಂಬುವುದಿಲ್ಲ. ಉಳಿದರ್ಧ ಜನ ನನ್ನನ್ನು ಚೆನ್ನಾಗಿ ಬಲ್ಲವರು, ಅವರೂ ನಂಬುವುದಿಲ್ಲ. ತುಂಗಭದ್ರೆಯಲ್ಲಿ ಮೊಸಳೆಯ ಬೆನ್ನೇರಿ ಆಚೆ ದಡ ಸೇರಿದ್ದೆ ಎಂದು ಹೋಟೆಲಿನ ಬೆಂಚಿನ ಮೇಲೆ ಕೂತು ಹತ್ತು ವರ್ಷ ಹೇಳಿದವನು ನಾನೇ. ಹಾಗಾಗಿ ನೀವೂ ನಂಬಬೇಡಿ. ಧೈರ್ಯವಿದ್ದರೆ ಕೊನೆಯ ಸಾಲಿನವರೆಗೂ ನಂಬದೆ ಓದಿ ತೋರಿಸಿ. ಮುಂದೆ ಕರಿ ಹಂಸ ಬರುತ್ತದೆ. ಕಬ್ಬಿಣದ ಕೊಳವೆಯೊಳಗೆ ಹರಿಯುವ ನದಿ ಬರುತ್ತದೆ. ತಪ್ಪು ದಿಕ್ಕಿಗೆ ಹೋಗುವ ಸೂರ್ಯ ಬರುತ್ತಾನೆ. ಇಡೀ ಬರಹದಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು ಸಂಗತಿ. ಅದು ಯಾವುದೆಂದು ಕೊನೆಗೆ ನಾನೇ ಹೇಳುತ್ತೇನೆ.

ಆನೆಕೊಂಡ

ಹುಟ್ಟಿದ್ದು ದಾವಣಗೆರೆಯ ಪಕ್ಕದ ಆನೆಕೊಂಡದಲ್ಲಿ, ಹೊಟ್ಟೆ ಹೊರೆದದ್ದು ಹರಿಹರದಲ್ಲಿ ಕಬ್ಬಿಣ ಕೊರೆದು. ಲೇತು ಯಂತ್ರ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆದವನು. ಚೀನಾ ಯುದ್ಧ ಮುಗಿದ ಎರಡನೆಯ ವರ್ಷ ನಮ್ಮ ನಾಲ್ಕು ಲೇತುಗಳನ್ನು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಪರ್ತ್ ಎಂಬ ಊರಿನ ವರ್ಕ್‌ಶಾಪೊಂದು ಕೊಂಡಿತು. ಅವನ್ನು ಕೂರಿಸಿ, ಓಡಿಸಿ ತೋರಿಸಲು ಒಬ್ಬರು ಹೋಗಬೇಕಿತ್ತು. ಇಂಗ್ಲಿಷ್ ಬರುವ ಎಂಜಿನಿಯರುಗಳು ಮೂವರಿದ್ದರು. ಕೈ ಬರುವವನು ನಾನೊಬ್ಬನೇ ಇದ್ದೆ. ಹೀಗೆಂದು ಮ್ಯಾನೇಜರ್ ಹೇಳಲಿಲ್ಲ, ಆದರೆ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಸುದ್ದಿ ಹಬ್ಬಿದ ಮೇಲೆ, ಸಮುದ್ರ ನನ್ನನ್ನು ನುಂಗದಿರಲೆಂದು ನನ್ನ ಹೆಂಡತಿ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತಳು. ಅದರ ಮರುದಿನ ಆನೆಕೊಂಡದಿಂದ ಬಾಬಾಜಾನ್ ಬಂದ. ಅವನದು ಕುದುರೆಗೆ ಲಾಳ ಕಟ್ಟುವ ನಾಲಬಂದರ ಮನೆ. ನಾವಿಬ್ಬರೂ ಒಂದೇ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು. ಕೈಯಲ್ಲಿ ಹಳದಿಗಟ್ಟಿದ ಒಂದು ಕಾಗದ ಹಿಡಿದಿದ್ದ.

"ಬಸಣ್ಣ, ನಮ್ಮಣ್ಣನೂ ಅದೇ ದೇಶಕ್ಕೆ ಹೋಗಿರೋದು. ಬದುಕಿದಾನೋ ಇಲ್ಲೋ, ಅಷ್ಟು ತಿಳಕಂಡು ಬಾ. ಬೇರೇನೂ ಬ್ಯಾಡ" ಅಂದ.

ಕಾಗದದಲ್ಲಿ ಕನ್ನಡದಲ್ಲಿ ಎರಡೇ ಸಾಲಿದ್ದವು. ತಾನು ಕ್ಷೇಮ, ಇಲ್ಲಿ ಕುದುರೆ ಕೆಲಸ ಇದೆ. ಮೇಲೆ ಫ್ರೀಮಾಂಟ್ಲ್ ಬಂದರಿನ ಮುದ್ರೆ. ಬಂದು ನಲವತ್ತು ವರ್ಷವಾಗಿತ್ತು, ಅದಾದ ಮೇಲೆ ಇನ್ನೊಂದು ಬಂದಿರಲಿಲ್ಲ. ಬಾಬಾಜಾನ್ ಎದುರು ನಾನು ಧಾರಾಳವಾಗಿ ತಲೆಯಾಡಿಸಿದೆ. ಕಾಗದವನ್ನು ಮಾತ್ರ ಬೇಗ ಮಡಿಸಿ ವಾಪಸು ಕೊಟ್ಟೆ. ಯಾಕೆಂದರೆ ಅವನ ಅಣ್ಣ ಹುಸೇನಣ್ಣ ಊರು ಬಿಟ್ಟದ್ದು ನನ್ನಿಂದ. ಅದು ಬಾಬಾಜಾನನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಎತ್ತಾಗಲಿ ಕುದುರೆಯಾಗಲಿ ಕೊಳ್ಳುವಾಗ ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ. ಕೂದಲು ಸುತ್ತಿಕೊಂಡು ನಿಂತ ಜಾಗ ಸುಳಿ. ಕುತ್ತಿಗೆಯ ಸುಳಿ ಒಳ್ಳೆಯದು, ಹಣೆಯಲ್ಲಿ ಎರಡು ಸುಳಿ ಎದುರುಬದುರು ನಿಂತರೆ ಏರಿದವನಿಗೆ ಕೇಡು. ಈ ವಿದ್ಯೆಯಲ್ಲಿ ಇಪ್ಪತ್ತೆರಡರ ಹುಸೇನಣ್ಣನನ್ನು ಮೀರಿಸಿದವರು ದಾವಣಗೆರೆಯಲ್ಲಿ ಇರಲಿಲ್ಲ. ಅವನು ನೋಡಿ ಹೂಂ ಅಂದರೆ ವ್ಯಾಪಾರ ಮುಗಿದಂತೆ. ಮಂಡಿಪೇಟೆಯ ಒಬ್ಬ ಹತ್ತಿ ಸಾಹುಕಾರರು ಹಾಗೆ ಅವನ ಮಾತಿನ ಮೇಲೆ ಒಂದು ಕಂದು ಕುದುರೆ ಕೊಂಡರು. ಮಗಳ ಮದುವೆಯಲ್ಲಿ ಮದುಮಗ ಅದರ ಮೇಲೆ ಮೆರವಣಿಗೆ ಹೊರಡಬೇಕಿತ್ತು.

ನನಗಾಗ ಹದಿನೇಳು. ಆ ಮದುಮಗ ನಡೆದುಕೊಂಡು ಬರುವುದನ್ನು ನೋಡಬೇಕೆಂಬ ಆಸೆ ಬಿಟ್ಟರೆ ನನಗೆ ಬೇರೆ ಕಾರಣವಿರಲಿಲ್ಲ. ಮೆರವಣಿಗೆಯ ಬೆಳಿಗ್ಗೆ ಜಾಲಿಮರದ ಅಂಟನ್ನು ನೀರಲ್ಲಿ ಕಲಸಿಕೊಂಡು ಲಾಯಕ್ಕೆ ಹೋಗಿ, ಕುದುರೆಯ ಹಣೆಯ ಕೂದಲನ್ನು ಬೆರಳಲ್ಲಿ ತಿರುವಿ ತಿರುವಿ, ಒಂದಿದ್ದ ಸುಳಿಯನ್ನು ಎರಡು ಮಾಡಿದೆ. ಇವತ್ತಿಗೂ ಹೇಳುತ್ತೇನೆ, ಕೆಲಸ ಅಚ್ಚುಕಟ್ಟಾಗಿತ್ತು.

ಮದುಮಗ ನಡೆದ. ಊರು ನಕ್ಕಿತು. ಆದರೆ ಸಾಹುಕಾರರು ಹಿರಿಯರನ್ನು ಕೂರಿಸಿ ಹುಸೇನಣ್ಣನನ್ನು ಕರೆಸಿ, ಕಣ್ಣು ಎಲ್ಲಿಟ್ಟಿದ್ದೆ ಎಂದು ಕೇಳಿದರು. ಅವನು ಕುದುರೆಯ ಹಣೆ ನೋಡಿದ, ಮತ್ತೆ ನೋಡಿದ, ಅಂಗಡಿಗೆ ಹಿಂತಿರುಗಿದ. ಅಂದಿನಿಂದ ಅವನ ಅಂಗಡಿಯ ಮುಂದೆ ಒಂದು ಕುದುರೆಯೂ ನಿಲ್ಲಲಿಲ್ಲ. ತಿಂಗಳೊಳಗೆ ಯಾರೋ ಕುದುರೆ ಏಜೆಂಟನ ಜೊತೆ ಮದರಾಸಿಗೆ ಹೋದ. ಆಸ್ಟ್ರೇಲಿಯಾದಿಂದ ಕುದುರೆ ಇಳಿಸಿ ವಾಪಸು ಹೋಗುವ ಹಡಗಿನಲ್ಲಿ ಸೇರಿಕೊಂಡ. ಆಮೇಲೆ ಮಳೆ ಬಂತು, ಅಂಟು ತೊಳೆದುಹೋಯಿತು, ಸುಳಿ ಮಾಯವಾಯಿತು. ಅದಕ್ಕೂ ಊರಿನವರು ಅವನದೇ ತಪ್ಪು ಕಂಡುಹಿಡಿದರು. ಪೀಡೆ ಅವನ ಹಿಂದೆಯೇ ಹೋಯಿತಂತೆ.

ನಾನು ಮೊದಲು ಒದೆಗೆ ಹೆದರಿ ಬಾಯಿ ಮುಚ್ಚಿದೆ, ಆಮೇಲೆ ನಾಚಿಕೆಗೆ, ಆಮೇಲೆ ರೂಢಿಯಾಯಿತು. ಆನೆಕೊಂಡದಲ್ಲಿ ಇವತ್ತಿಗೂ ಯಾರಾದರೂ ಹುಳುಕು ಬದನೆಕಾಯಿ ತಂದರೆ ಹೆಂಗಸರು "ಹುಸೇನನ ಕಣ್ಣಿಂದ ನೋಡಿ ತಂದ್ಯೇನು?" ಅನ್ನುತ್ತಾರೆ. ಅದು ಕಿವಿಗೆ ಬಿದ್ದಾಗಲೆಲ್ಲ ನಾನು ಕೆಮ್ಮುತ್ತೇನೆ.

ಫ್ರೀಮಾಂಟ್ಲ್ ಬಂದರು

ಹಡಗಿನ ವಾಂತಿಯನ್ನು ವರ್ಣಿಸುವುದಿಲ್ಲ. ಬಂದರಿನಲ್ಲಿ ಇಳಿದ ಕೂಡಲೇ ತಿನ್ನುವ ಪದಾರ್ಥ ಯಾವುದೂ ಒಳಗೆ ಹೋಗಬಾರದೆಂದು ಒಬ್ಬ ಅಧಿಕಾರಿ ನನ್ನ ಟ್ರಂಕು ಬಿಚ್ಚಿಸಿದ. ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ಇದು ಸಿಡಿಯುತ್ತದೆಯೇ ಎಂದು ಕೇಳಿದ. ಬಾಯೊಳಗೆ ಸಿಡಿಯುತ್ತದೆ ಎಂದೆ. ಆ ಮನುಷ್ಯ ಬೆರಳ ತುದಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡ. ಐದು ನಿಮಿಷ ಕಣ್ಣೊರೆಸಿಕೊಂಡು, ಇಂಥದ್ದರಲ್ಲಿ ಯಾವ ಹುಳವೂ ಬದುಕಿರಲಾರದು ಎಂದು ಡಬ್ಬಿ ವಾಪಸು ಕೊಟ್ಟ. ಮಂಡಕ್ಕಿಯ ಗಂಟು ಅವನಿಗೆ ಸಿಗಲಿಲ್ಲ. ಅದನ್ನು ನಾನು ಹರಿಹರದಲ್ಲೇ ಎರಡನೆಯ ಲೇತಿನ ಹಲ್ಲುಚಕ್ರದ ಪೆಟ್ಟಿಗೆಯೊಳಗೆ, ಎಣ್ಣೆಕಾಗದ ಸುತ್ತಿ ಕೂರಿಸಿದ್ದೆ. ಆ ಸರ್ಕಾರ ನನ್ನ ಮೇಲೆ ಮೊಕದ್ದಮೆ ಹೂಡುವುದಾದರೆ ಹೂಡಲಿ.

ಪರ್ತ್

ಊಟದ ಕಥೆ ಚಿಕ್ಕದು. ನಾನು ಮಾಂಸ ತಿನ್ನುವವನಲ್ಲ ಎಂದು, ಇಳಿದುಕೊಂಡಿದ್ದ ಮನೆಯ ಒಡತಿಗೆ ಹೇಳಿದೆ. ಆ ತಾಯಿ ಪಾಪ, ಹಾಗಾದರೆ ಕೋಳಿ ಎಂದಳು. ಅದೂ ಬೇಡ ಎಂದಾಗ ಮೀನು ತಂದಿಟ್ಟಳು. ಕೊನೆಗೆ ಬೇಯಿಸಿದ ಆಲೂಗಡ್ಡೆಗೆ ಇಳಿದಳು, ನಾನು ಅದಕ್ಕೆ ಚಟ್ನಿಪುಡಿ ಸವರಿಕೊಂಡು ಮೂರು ವಾರ ತಳ್ಳಿದೆ. ನನ್ನ ತಟ್ಟೆಯ ವಾಸನೆಗೆ ಅವಳ ಬೆಕ್ಕು ಮನೆ ಬಿಟ್ಟು ಪಕ್ಕದವರ ಮನೆ ಸೇರಿತು.

ಅಲ್ಲಿ ಸೂರ್ಯನನ್ನೂ ನಂಬುವಂತಿಲ್ಲ. ಒಂದು ಭಾನುವಾರ ಊರು ನೋಡಲು ಹೊರಟು ದಾರಿ ತಪ್ಪಿದೆ. ನಮ್ಮಲ್ಲಿ ಚಳಿಗಾಲದ ಮಧ್ಯಾಹ್ನ ಸೂರ್ಯ ತೆಂಕಣಕ್ಕೆ ವಾಲಿರುತ್ತಾನಲ್ಲ, ಆ ಲೆಕ್ಕದಲ್ಲಿ ಬಡಗಣ ಯಾವುದೆಂದು ಗೊತ್ತುಮಾಡಿಕೊಂಡು ರೈಲ್ವೆ ಸ್ಟೇಷನ್ನಿಗೆಂದು ಬೀಗುತ್ತಾ ನಡೆದೆ. ಹೋಗಿ ನಿಂತದ್ದು ನದಿಯ ದಂಡೆಯಲ್ಲಿ. ಭೂಮಿಯ ಕೆಳಗಿನ ಆ ದೇಶದಲ್ಲಿ ಮಧ್ಯಾಹ್ನದ ಸೂರ್ಯ ಬಡಗಣದಲ್ಲಿ ನಿಲ್ಲುತ್ತಾನಂತೆ. ನದಿ ನಮ್ಮ ಹರಿಹರದ ಹೊಳೆಗಿಂತ ಅಗಲ, ಬಟ್ಟೆ ಒಗೆಯುವವರು ಒಬ್ಬರೂ ಇಲ್ಲದ್ದರಿಂದ ಬೋಳುಬೋಳು. ನೀರಿನ ಮೇಲೆ ಹಂಸಗಳು ತೇಲುತ್ತಿದ್ದವು. ಕರಿ ಬಣ್ಣ, ಕೆಂಪು ಕೊಕ್ಕು. ನಮ್ಮ ಪುರಾಣದವರು ಹಂಸಕ್ಕೆ ಒಂದೇ ಬಣ್ಣ ಹಚ್ಚಿ ಮುಗಿಸಿಬಿಟ್ಟರಲ್ಲ ಎಂದು ಕನಿಕರವಾಯಿತು.

ಲೇತು ಕೂರಿಸಿದ್ದಾಯಿತು, ನಾಲ್ಕೂ ಜೇನಿನಂತೆ ಗುಂಯ್ ಅಂದವು. ವಾಪಸು ಹೋಗುವ ಹಡಗಿಗೆ ಒಂಬತ್ತು ದಿನ ಬಾಕಿ ಇತ್ತು. ವರ್ಕ್‌ಶಾಪಿನ ಮಾಲೀಕ ಟಾಮ್ ಸಾಹೇಬ ಖುಷಿಯಾಗಿ, ರಾಜ್ಯದ ಯಾವುದಾದರೂ ಒಂದು ಸೀಮೆ ನೋಡಿಕೊಂಡು ಬಾ, ಟಿಕೆಟ್ಟು ನನ್ನದು ಅಂದ. ಒಂದೇ ಒಂದು ಎಂದು ಬೆರಳೆತ್ತಿದ. ಎರಡಕ್ಕೆ ದಿನ ಸಾಲುವುದಿಲ್ಲ. ಆ ರಾಜ್ಯ ನಮ್ಮ ಇಡೀ ದೇಶದ ಮುಕ್ಕಾಲು ಪಾಲಿನಷ್ಟಿದೆ. ಜನ ಮಾತ್ರ ನಮ್ಮ ಚಿತ್ರದುರ್ಗ ಜಿಲ್ಲೆಯಷ್ಟೂ ಇಲ್ಲ.

ಅಂದಿನಿಂದ ನಾನು ಆ ಊರಿನವರೆಲ್ಲರ ಸ್ವತ್ತಾದೆ. ಮನೆಯೊಡತಿ ತೆಂಕಣಕ್ಕೆ ಹೋಗು ಅಂದಳು. ಮರಗಳು ಮುಗಿಲು ಮುಟ್ಟುತ್ತವೆ, ಕಾಡು ಹೂವು ಕಂಬಳಿ ಹಾಸುತ್ತದೆ. ಟಾಮ್ ಸಾಹೇಬ ಮೂಡಣಕ್ಕೆ ಅಂದ, ಅಲ್ಲಿ ಚಿನ್ನದ ಗಣಿ. ವರ್ಕ್‌ಶಾಪಿನ ಗುಮಾಸ್ತ ಬಡಗಣಕ್ಕೆ ಅಂದ, ಮುತ್ತು ತೆಗೆಯುವವರ ಬಂದರು, ಜೊತೆಗೆ ಮೊಸಳೆ. ನಡುವಿನ ಗೋಧಿ ಬಯಲಿನಿಂದ ಬಂದ ಒಬ್ಬ ವೆಲ್ಡರು ಅದನ್ನು ಬಿಟ್ಟು ಬೇರೆಲ್ಲಿಗೆ ಹೋದರೂ ಮಾತು ಬಿಡುತ್ತೇನೆ ಅಂದ. ಯಾವಾಗಲೂ ನಾಲ್ಕು ಮಾತಿಗೆ ಒಂದು ಮಾತು ಆಡುವ ಜನ, ನನಗಾಗಿ ಊಟದ ಹೊತ್ತಿನಲ್ಲಿ ಜಗಳಕ್ಕೇ ನಿಂತರು.

ನನಗೆ ಬೇಕಾದದ್ದು ಮರವೂ ಅಲ್ಲ, ಮುತ್ತೂ ಅಲ್ಲ. ಹುಸೇನಣ್ಣ ಈ ನಾಲ್ಕರಲ್ಲಿ ಎಲ್ಲಿದ್ದಾನೆ? ಒಂದನ್ನು ಆರಿಸಿದರೆ ಮೂರನ್ನು ಬಿಟ್ಟ ಹಾಗೆ. ತಪ್ಪಿದರೆ ಈ ಜನ್ಮದಲ್ಲಿ ಇನ್ನೊಂದು ಹಡಗು ನನಗಿಲ್ಲ. ಎರಡು ದಿನ ನಕ್ಷೆಯ ಮುಂದೆ ಕೂತೆ. ಮೂರನೆಯ ದಿನ ನನ್ನ ತಲೆಗೆ ನಾನೇ ಶಹಭಾಸ್ ಹೇಳಿಕೊಳ್ಳುವಂಥದ್ದು ಹೊಳೆಯಿತು. ಲಾಳ ಕಟ್ಟುವವನು ಲಾಳ ಸವೆಯುವ ಕಡೆಗೇ ಹೋಗಿರಬೇಕು.

ಪ್ರವಾಸಿಗಳ ಕಚೇರಿಗೆ ಹೋಗಿ, ಮುಖದ ತುಂಬ ಮಚ್ಚೆಯಿದ್ದ ತರುಣನೊಬ್ಬ ಬಣ್ಣದ ಕಾಗದ ಹರಡುತ್ತಿದ್ದಂತೆ ಕೇಳಿದೆ, ನಿಮ್ಮ ರಾಜ್ಯದಲ್ಲಿ ಕುದುರೆಯ ಲಾಳ ಎಲ್ಲಿ ಬೇಗ ಸವೆಯುತ್ತದೆ? ಇಂಥ ಪ್ರಶ್ನೆ ಯಾರೂ ಕೇಳಿಲ್ಲವೆಂದು ಅವನು ಒಪ್ಪಿಕೊಂಡ. ಆದರೆ ಹೊರಗೆ ಹಾಕಲಿಲ್ಲ. ಕುದುರೆಯೇರಿ ದನದ ಮಂದೆ ಅಟ್ಟುತ್ತಿದ್ದ ತನ್ನ ಅಜ್ಜನಿಗೆ ಅಲ್ಲಿಂದಲೇ ಫೋನು ಮಾಡಿದ. ಅಜ್ಜ ಬಹಳ ಹೊತ್ತು ಮಾತಾಡಿತು. ತೆಂಕಣ ಮೆತ್ತಗಿನ ಮಣ್ಣು. ಗೋಧಿ ಸೀಮೆ ಮರಳು, ಅಲ್ಲೀಗ ಕುದುರೆ ಹೋಗಿ ಟ್ರ್ಯಾಕ್ಟರು ಬಂದಿದೆ. ಬಡಗಣದಲ್ಲಿ ಕಲ್ಲಿದೆ, ಆದರೆ ಹೋಗಿ ಬರಲು ತಿಂಗಳು ಬೇಕು. ಮೂಡಣದ ಕೆಂಪು ಕಲ್ಲುನೆಲ ಕಬ್ಬಿಣವನ್ನು ಬಿಸ್ಕತ್ತಿನಂತೆ ತಿನ್ನುತ್ತದೆ. ನಾನು ಮೂಡಣದ ಟಿಕೆಟ್ಟು ತೆಗೆಸಿದೆ. ಟಾಮ್ ಸಾಹೇಬ ಗೆದ್ದೆನೆಂದು ಟೋಪಿ ಎಸೆದ. ವೆಲ್ಡರು ನಿಜವಾಗಿಯೂ ಮಾತು ಬಿಟ್ಟ.

ಕಲ್ಗೂರ್ಲಿ

ರೈಲಿನ ಕಿಟಕಿಯಾಚೆ ಬೆಳಗಿನಿಂದ ಒಂದು ದಪ್ಪ ಕಬ್ಬಿಣದ ಕೊಳವೆ ಜೊತೆಜೊತೆಗೇ ಓಡುತ್ತಿತ್ತು. ಪರ್ತ್‌ನ ಪಕ್ಕದ ಗುಡ್ಡದಿಂದ ಗಣಿಯೂರಿನವರೆಗೆ ಕುಡಿಯುವ ನೀರು ಅದರೊಳಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಕಟ್ಟೆ ಕಟ್ಟಿ ಬೊಂಬಾಯಿ ದಾರಿಯಲ್ಲಿ ಅರ್ಧಕ್ಕಿಂತ ಆಚೆ ಇರುವ ಊರಿಗೆ ನಲ್ಲಿ ಹಾಕಿದಂತೆ. ಜಾಯಿಂಟುಗಳನ್ನು ನೋಡುತ್ತಾ ಕುತ್ತಿಗೆ ನೋಯಿಸಿಕೊಂಡೆ. ದೇವರ ನದಿಗಳಿಗೆ ಕೈಮುಗಿದಿದ್ದೇನೆ, ಫಿಟ್ಟರುಗಳ ನದಿಗೆ ಕೈಮುಗಿದದ್ದು ಅದೇ ಮೊದಲು.

ಊರಿನಲ್ಲಿ ಬೀದಿ ಅಗಲ, ಜನ ತೆಳು. ದಾರಿಯಲ್ಲಿ ಎದುರಾದ ಪ್ರತಿಯೊಬ್ಬ ಲಾರಿಯವನೂ ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಮಾಡುತ್ತಾನೆ. ಮನುಷ್ಯರು ಅಪರೂಪವಾದ್ದರಿಂದ ಕಂಡವರನ್ನು ಬಿಡುವುದಿಲ್ಲ. ಮಂಡಿಪೇಟೆಯಲ್ಲಿ ಹಾಗೆ ಮಾಡಹೊರಟರೆ ಬೆರಳು ಮಧ್ಯಾಹ್ನಕ್ಕೇ ಕಳಚಿ ಬೀಳುತ್ತದೆ.

ಎರಡು ದಿನ ಕಂಡಕಂಡವರನ್ನು ಹುಸೇನ್ ಎಂಬ ಇಂಡಿಯಾದವನು ಗೊತ್ತೇ ಎಂದು ಕೇಳಿದೆ. ಇಲ್ಲವೆಂದರು. ಒಬ್ಬರು, ಹಿಂದೆ ಗಣಿಗೆ ಒಂಟೆಯ ಮೇಲೆ ಸಾಮಾನು ಸಾಗಿಸಲು ಬಂದಿದ್ದ ಒಂಟೆಯವರ ಗೋರಿಗಳ ಹತ್ತಿರ ಕರೆದೊಯ್ದರು. ಕಲ್ಲುಗಳ ಮೇಲೆ ಪೇಶಾವರ, ಬಲೂಚಿಸ್ತಾನದ ಹೆಸರುಗಳಿದ್ದವು. ಹುಸೇನ್ ಇರಲಿಲ್ಲ. ಇಲ್ಲದ್ದಕ್ಕೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ಆಶ್ಚರ್ಯವಾಯಿತು.

ಮೂರನೆಯ ದಿನ ಒಂದು ಹೋಟೆಲಿನ ಜಗುಲಿಯ ಕಂಬಕ್ಕೆ ಕಟ್ಟಿದ್ದ ಕುದುರೆಯ ಎಡಗಾಲಿಗೆ ನನ್ನ ಕಣ್ಣು ಬಿತ್ತು. ಗೊರಸಿನ ಮೇಲೆ ಕರಿ ದಾರ, ದಾರದಲ್ಲಿ ಒಂದು ಕವಡೆ. ಹೊಸ ಲಾಳ ಕಟ್ಟಿದ ಕುದುರೆಗೆ ದೃಷ್ಟಿಯಾಗದಿರಲೆಂದು ಆನೆಕೊಂಡದ ನಾಲಬಂದರು ಹೀಗೇ ಕಟ್ಟುತ್ತಾರೆ. ನಾನು ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಆ ಕಾಲು ಹಿಡಿದುಕೊಂಡೆ. ಕುದುರೆಯವನು, ದೊಡ್ಡ ಟೋಪಿಯ ಒಬ್ಬ ಉದ್ದನೆಯ ಆಸಾಮಿ, ಹೊರಗೆ ಬಂದು ನನಗೆ ಬಿಸಿಲು ಬಡಿದಿದೆ ಎಂದುಕೊಂಡು ತಲೆಗೆ ನೀರು ಸುರಿದ. ಆಮೇಲೆ ಹೇಳಿದ. ರೈಲುದಾರಿಯ ಒಂದು ಸಣ್ಣ ನಿಲ್ದಾಣದಲ್ಲಿ ಸ್ಯಾಮ್ ಎಂಬ ಮುದುಕನಿದ್ದಾನೆ. ಅವನಷ್ಟು ಚೆನ್ನಾಗಿ ಲಾಳ ಹೊಡೆಯುವವರು ಇಲ್ಲ. ಆದರೆ ದಾರ ಕಿತ್ತುಹಾಕಿದರೆ ಮುಂದಿನ ಸಲ ಕುದುರೆ ಮುಟ್ಟುವುದಿಲ್ಲ.

ಸ್ಯಾಮನ ತಗಡಿನ ಕೊಟ್ಟಿಗೆ

ಟಪಾಲು ಹಂಚುವ ಲಾರಿಯಲ್ಲಿ ಹಿಟ್ಟಿನ ಮೂಟೆಗಳ ಮೇಲೆ ಕೂತು ಹೋದೆ. ನಿಲ್ದಾಣ ಎಂದರೆ ಮೂರು ಮನೆ, ಒಂದು ನೀರಿನ ಟ್ಯಾಂಕು. ಟ್ಯಾಂಕಿನ ಪಕ್ಕದ ತಗಡಿನ ಕೊಟ್ಟಿಗೆಯಲ್ಲಿ ಬಿಳಿ ಗಡ್ಡದ ಒಬ್ಬ ಕುದುರೆಯ ಹಣೆಗೆ ಮುಖ ತಾಗಿಸಿ ನೋಡುತ್ತಿದ್ದ. ನೋಡಿ ಹಿಂದೆ ಸರಿದ. ಮತ್ತೆ ಹೋಗಿ ನೋಡಿದ. ಮೂರನೆಯ ಸಲ ಅಂಗೈಯಿಂದ ಕೂದಲು ಸವರಿ ನೋಡಿ, ಆಮೇಲೆ ಕಾಲು ಎತ್ತಿದ.

"ಆನೆಕೊಂಡದ ಹುಸೇನಣ್ಣಾರು ಇಲ್ಲೇ ಇದಾರೇನ್ರಿ?" ಅಂದೆ.

ಅವನು ತಿರುಗಲಿಲ್ಲ. ನಲವತ್ತು ವರ್ಷದ ಮೇಲೆ ನನಗೆ ಹೇಳಿದ ಮೊದಲ ಮಾತು ಇದು: "ಹಿಂದೆ ನಿಲ್ಲಬ್ಯಾಡ. ಒದೀತೈತೆ."

ಮೊಳೆ ಹೊಡೆದು ಮುಗಿಸಿ ಕಾಲು ಕೆಳಗಿಟ್ಟ ಮೇಲೆ ನನ್ನನ್ನು ನೋಡಿದ. "ಯಾರು ಕಳಿಸಿದ್ರು? ಪೋಲೀಸ್ನೋರಾ?"

"ಬಾಬಾಜಾನ. ನಾನು ಗರಡಿ ಬಸ್ಯಾ."

"ಬಸ್ಯಾ? ಇಷ್ಟು ಮುದುಕ ಯಾಕಾದಿ?"

ಆಮೇಲೆ ಮಾತು ಅವನದು ಮಾತ್ರ. ಕಾಗದಪತ್ರವಿಲ್ಲದೆ ಹಡಗಿನಿಂದ ಇಳಿದವನು ಮತ್ತೆ ಹತ್ತಲಿಲ್ಲವಂತೆ. ಸಿಕ್ಕಿಬಿದ್ದೇನೆಂದು ಕಾಗದ ಬರೆಯುವುದನ್ನೂ ಬಿಟ್ಟ. ಈಗ ಅವನನ್ನು ಹಿಡಿಯುವ ಉಮೇದು ಯಾರಿಗೂ ಇಲ್ಲ, ಇಲ್ಲಿನ ಪೋಲೀಸಿನವನ ಕುದುರೆಗೂ ಅವನೇ ಲಾಳ ಕಟ್ಟುತ್ತಾನೆ. ತಾಯಿ ಹೋದದ್ದನ್ನು ಹೇಳಿದೆ. ಅಂದುಕೊಂಡಿದ್ದೆ ಅಂದ. ಬಾಬಾಜಾನನಿಗೆ ಒಂಬತ್ತು ಮಕ್ಕಳು ಎಂದೆ. ಅವನು ಚಿಕ್ಕಂದಿನಿಂದಲೂ ಅಳತೆ ಮೀರಿದವನೇ ಅಂದ. ಮಂಡಕ್ಕಿಯ ಗಂಟು ಬಿಚ್ಚಿ ಚಟ್ನಿಪುಡಿ ಕಲಸಿ ಇಟ್ಟೆ. ಮಂಡಕ್ಕಿ ಮೆತ್ತಗಾಗಿ ಲೇತಿನ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಅವನು ಒಂದೊಂದೇ ಕಾಳು ಹೆಕ್ಕಿ ತಿಂದ. ಊರಿನ ಮಂಡಕ್ಕಿ ಹುರಿಯುವ ಭಟ್ಟಿಗಳು ಇನ್ನೂ ಉರಿಯುತ್ತವೆಯೇ ಎಂದು ಕೇಳಿದ. ಉರಿಯುತ್ತವೆ ಎಂದೆ.

ಊರಿಗೆ ಬರುವ ಮಾತೆತ್ತಿದಾಗ ಕೈ ಒರೆಸಿಕೊಂಡ. "ಬಂದು ಯಾರಿಗೆ ಮುಖ ತೋರಿಸ್ಲಿ? ಆ ಕುದುರೆ ಹಣೇನ ನಾನು ಬೆಳಕಲ್ಲಿ ನೋಡಿದ್ದೆ ಬಸ್ಯಾ, ಒಂದೇ ಸುಳಿ ಇತ್ತು. ಆಮ್ಯಾಲೆ ಎರಡು ಹೆಂಗಾತು? ನಲವತ್ತು ವರ್ಷದಿಂದ ಅದನ್ನೇ ಕೇಳ್ಕಂತಾ ಇದೀನಿ. ನನ್ನ ಕಣ್ಣೇ ಸರಿ ಇಲ್ಲ ಅನ್ಸಿ, ಈಗ ಪ್ರತಿ ಕುದುರೇನೂ ಮೂರ್ ಮೂರ್ ಸತಿ ನೋಡ್ತೀನಿ. ಇಲ್ಲಿ ಜನಕ್ಕೆ ಸುಳಿ ಅಂದ್ರೆ ಏನಂತಾನೂ ಗೊತ್ತಿಲ್ಲ. ಆದ್ರೂ ನೋಡ್ತೀನಿ."

ನಾನು ಹೇಳಿಬಿಟ್ಟೆ. ಜಾಲಿ ಅಂಟು, ಲಾಯ, ಬೆರಳು, ಎಲ್ಲ. ಹುಸೇನಣ್ಣ ಸುತ್ತಿಗೆ ಕೆಳಗಿಟ್ಟ. ಆಮೇಲೆ ನಗತೊಡಗಿದ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಕುದುರೆ ಕಿವಿ ನಿಮಿರಿಸಿತು. "ಮದುಮಗ ನಡಕಂಡು ಹೋದ್ನಲ್ಲ" ಎನ್ನುತ್ತಾ ನನ್ನ ಬೆನ್ನಿಗೆ ಗುದ್ದಿದ. ಸಂಜೆಯ ಲಾರಿ ಬರುವವರೆಗೂ ಆ ನಗು ನಿಲ್ಲಲಿಲ್ಲ.

ಹೊರಡುವಾಗ ಬಾಬಾಜಾನನಿಗೆ ಕೊಡು ಎಂದು ಸವೆದ ಒಂದು ಲಾಳ ಕೊಟ್ಟ.

ಮತ್ತೆ ಆನೆಕೊಂಡ

ಬಾಬಾಜಾನ್ ಲಾಳವನ್ನು ತಿರುಗಿಸಿ ಮುರುಗಿಸಿ ನೋಡಿದ. ಮೊಳೆಯ ತೂತುಗಳ ಮೇಲೆ ಬೆರಳಾಡಿಸಿದ. "ನಮ್ಮಣ್ಣನ ಕೈಯೇ" ಎಂದು ಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸಿದ. ಆಮೇಲೆ ನನ್ನ ಕಡೆ ತಿರುಗಿ, ಆ ಸುಳಿಯ ವಿಷಯ ಅಣ್ಣ ಏನಾದರೂ ಅಂದನಾ ಎಂದು ಕೇಳಿದ. ಅವನು ಮಂಡಕ್ಕಿ ಹೇಗೆ ತಿಂದ ಎಂಬುದನ್ನು ನಾನು ಇನ್ನೊಂದು ಸಲ ವಿವರವಾಗಿ ಹೇಳಿದೆ.

ಈಗ ಮಾತು ಕೊಟ್ಟಂತೆ ಒಪ್ಪಿಸುತ್ತೇನೆ. ಹಂಸ ಕರಿಯದೇ. ನದಿ ಕೊಳವೆಯಲ್ಲೇ ಹರಿಯುತ್ತದೆ. ಸೂರ್ಯ ಬಡಗಣದಲ್ಲೇ ನಿಲ್ಲುತ್ತಾನೆ. ಚಟ್ನಿಪುಡಿ, ಕವಡೆ, ಬೆಕ್ಕು, ವೆಲ್ಡರು ಎಲ್ಲ ಖರೆ. ಸುಳ್ಳು ಆ ನಗು. ನಾನು ಹುಸೇನಣ್ಣನಿಗೆ ಹೇಳಲೇ ಇಲ್ಲ. ಅವನು ಕೇಳಿದಾಗ ಬಾಯಿ ತೆರೆದೆ, ತೆರೆದ ಬಾಯಿಗೆ ಒಂದು ಹಿಡಿ ಮಂಡಕ್ಕಿ ಹಾಕಿಕೊಂಡೆ. ಲಾರಿ ಹತ್ತಿ ಹಿಂತಿರುಗಿ ನೋಡಿದರೆ ಅವನು ಇನ್ನೊಂದು ಕುದುರೆಯ ಹಣೆಯನ್ನು ಎರಡನೆಯ ಸಲ ನೋಡುತ್ತಿದ್ದ. ಮೂರನೆಯ ಸಲ ನೋಡುವುದರೊಳಗೆ ಧೂಳು ಮುಚ್ಚಿತು.

ಆನೆಕೊಂಡದ ಅಕ್ಕತಂಗಿಯರೆ, ಇನ್ನು ಮುಂದೆ ಹುಳುಕು ಬದನೆಕಾಯಿಗೆ ಹುಸೇನನ ಕಣ್ಣು ಅನ್ನಬೇಡಿ. ಬಸಣ್ಣನ ಅಂಟು ಅನ್ನಿ. ಬಾಬಾಜಾನ್, ಒದೆಯುವುದಿದ್ದರೆ ಹರಿಹರಕ್ಕೇ ಬಾ, ಮನೆಯಲ್ಲೇ ಇರುತ್ತೇನೆ. ಇದು ಅಚ್ಚಾದ ದಿನವೇ ಒಂದು ಪ್ರತಿ ಆ ಟಪಾಲು ಲಾರಿ ಹೋಗುವ ವಿಳಾಸಕ್ಕೆ ಹೋಗುತ್ತದೆ, ಕನ್ನಡ ಅವನಿಗೆ ಮರೆತಿಲ್ಲ. ಹುಸೇನಣ್ಣ, ಆ ಕುದುರೆಗೆ ಇದ್ದದ್ದು ಒಂದೇ ಸುಳಿ. ಇನ್ನು ಒಂದೇ ಸಲ ನೋಡು, ಸಾಕು.